ಅರ್ಧ ಕಿಲೋದ ನಾಲ್ಕು ನಿಮಿಷ

ನಮ್ಮ ಭಾವ ಸಮ್ರಾನ್ ಅವರ ಹೆಲಿಕಾಪ್ಟರು ಮೂರನೆಯ ಸಲ ಬಿದ್ದದ್ದು ನೇರ ಉಪ್ಪಿನ ಗದ್ದೆಯ ನೀರಿಗೆ. ಮೊದಲ ಸಲ ತೆಂಗಿನ ಮರದ ಬುಡಕ್ಕೆ ಬಿದ್ದಿತ್ತು, ಎರಡನೆಯ ಸಲ ಗದ್ದೆಯ ಬದುವಿನ ಮೇಲೆ. ಮೂರಕ್ಕೂ ಕಾರಣ ಒಂದೇ. ರಿಮೋಟು ಕೈಗೆ ಬಂತೆಂದರೆ ಭಾವನಿಗೆ ಹೊತ್ತಿನ ಪರಿವೆಯೇ ಇರುತ್ತಿರಲಿಲ್ಲ. ಬ್ಯಾಟರಿ ಮುಗಿಯುವವರೆಗೂ ಹಾರಿಸುತ್ತಿದ್ದರು. ಮುಗಿದ ಮೇಲೆ ಅದು ತಾನಾಗಿಯೇ ಇಳಿಯುತ್ತಿತ್ತು, ತಲೆಕೆಳಗಾಗಿ.

ಹಾಗಂತ ಅದು ಮಕ್ಕಳ ಆಟಿಕೆಯಲ್ಲ. ಮೂಗಿನಿಂದ ಬಾಲದವರೆಗೆ ನಾಲ್ಕಡಿ ಉದ್ದ, ಮೂರು ಕಿಲೋ ತೂಕ. ರೆಕ್ಕೆ ತಿರುಗುವಾಗ ಹತ್ತಿರ ಹೋದರೆ ಬೆರಳು ಉಳಿಯುವುದಿಲ್ಲ. ಉಪ್ಪಿನ ಕೆಲಸ ಮುಗಿದು ಗದ್ದೆಗೆಲ್ಲ ಮಳೆನೀರು ನಿಂತಿರುವ ತಿಂಗಳುಗಳಲ್ಲಿ ಭಾವನಿಗೆ ಅದೇ ಕೆಲಸ, ಅದೇ ಊಟ.

ಅವತ್ತು ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು, ತೊಟ್ಟಿಕ್ಕುತ್ತಿದ್ದ ಹೆಲಿಕಾಪ್ಟರನ್ನು ಎರಡು ಕೈಯಲ್ಲೂ ಹೊತ್ತುಕೊಂಡು ಭಾವ ಹಿತ್ತಿಲಿಗೆ ಬಂದಾಗ ಅಕ್ಕ ಲಮ್ಯಾಯ್ ಬಂಗುಡೆ ತೊಳೆಯುತ್ತಿದ್ದಳು. ಮೇಕ್ಲೊಂಗ್ ಸಂತೆಗೆ ಬಂಗುಡೆ ಬೇಯಿಸಿ ಕಳಿಸುವುದು ಅವಳ ಕಸುಬು. ಕತ್ತು ಮುರಿದು, ತಲೆ ಬಗ್ಗಿಸಿ, ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಜೋಡಿ ಜೋಡಿಯಾಗಿ ಕೂರಿಸುವುದು ನಮ್ಮೂರ ಪದ್ಧತಿ. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಅದೇ ಮನೆಯಲ್ಲಿ ಇದ್ದು ಆ ಕತ್ತು ಮುರಿಯುವ ಕೆಲಸ ಮಾಡುತ್ತಿರುವವಳು ನಾನು, ವಿಲೈ.

"ಇಲ್ಲಿ ಇರೋ ಸತ್ತ ಮೀನು ಸಾಲ್ದು ಅಂತ ಇನ್ನೊಂದು ತಂದ್ಯಾ?" ಅಂದಳು ಅಕ್ಕ.

"ಗಾಳಿ ಜೋರಾಗಿತ್ತು," ಅಂದರು ಭಾವ.

"ಹೋದ್ಸಲಾನೂ ಗಾಳೀನೇ. ಅದಕ್ಕಿಂತ ಹಿಂದೆ ಕಾಗೆ ಅಡ್ಡ ಬಂತು. ಮುಂದಿನ ಸಲ ಯಾರು, ಚಂದ್ರ ಅಡ್ಡ ಬರ್ತಾನಾ?"

ರಾತ್ರಿ ಊಟಕ್ಕೆ ಕೂತಾಗ ಅಕ್ಕ ತೀರ್ಪು ಕೊಟ್ಟಳು. ಅನ್ನ, ಸಿಗಡಿ ಚಟ್ನಿ, ಹುರಿದ ಬಂಗುಡೆ ಬಡಿಸಿ, ಭಾವನ ತಟ್ಟೆಗೆ ಮಾತ್ರ ಬಾಲದ ತುಂಡು ಹಾಕಿ, "ನಾಲ್ಕನೇ ಸಲ ಬಿದ್ರೆ ಬಿದ್ದಲ್ಲೇ ಬಿಟ್ಟು ಬಾ. ಈ ಮನೆ ಬಾಗ್ಲು ಅದು ದಾಟಕೂಡ್ದು," ಅಂದಳು.

ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಅನ್ನ ತಿಂದಿದ್ದರೆ ಭಾವ ಬುದ್ಧಿವಂತರಾಗುತ್ತಿದ್ದರು. ಆದರೆ ಅವರು ಗಂಟಲು ಸರಿಮಾಡಿಕೊಂಡು, "ನಾನು ವಿಹಾರದ ದೊಡ್ಡ ಗುರುಗಳಿಗೆ ಒಂದು ಮಾತು ಕೊಟ್ಟಿದೀನಿ," ಅಂದರು.

"ಏನು ಮಾತು?"

"ತವಿ ದೀಕ್ಷೆ ದಿನ ದಾನದ ನಾಣ್ಯಾನ ಹೆಲಿಕಾಪ್ಟರಿಂದ ಚೆಲ್ತೀನಿ ಅಂತ."

ಅಕ್ಕನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವಳ ಮಗ ತವಿಗೆ ಇಪ್ಪತ್ನಾಲ್ಕು. ಮದುವೆಗೆ ಮುಂಚೆ, ಈ ಸಲದ ಮಳೆಗಾಲದ ಮೂರು ತಿಂಗಳು ಕಾವಿ ಉಟ್ಟು ಭಿಕ್ಷುವಾಗಿ ಇದ್ದು ಬರುತ್ತೇನೆ ಎಂದು ಒಪ್ಪಿದ್ದ. ಮಗನನ್ನು ಕಾವಿಯಲ್ಲಿ ನೋಡುವ ದಿನಕ್ಕಾಗಿ ನಮ್ಮ ಕಡೆ ತಾಯಂದಿರು ಹೆತ್ತ ದಿನದಿಂದ ಕಾಯುತ್ತಾರೆ. ದೀಕ್ಷೆಗೆ ಒಳಗೆ ಹೋಗುವ ಮುಂಚೆ ಬಣ್ಣದ ಪಟ್ಟಿ ಸುತ್ತಿದ ನಾಣ್ಯಗಳನ್ನು ಜನರ ಮೇಲೆ ಎರಚುತ್ತಾರೆ. ಜನ ಮುಗಿಬಿದ್ದು ಆರಿಸಿಕೊಂಡು ಪರ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ, ಖರ್ಚು ಮಾಡುವುದಿಲ್ಲ. ಆವತ್ತು ಊರಿಗೆ ಊರೇ ಅಲ್ಲಿರುತ್ತದೆ.

"ಊರವರ ತಲೆ ಮೇಲೆ ಬೀಳಿಸ್ತೀಯಾ ಅದನ್ನ? ನನ್ ಮಗನ ದೀಕ್ಷೆ ದಿನ?"

"ಬೀಳ್ಸಲ್ಲ."

"ಮೂರು ಸಲ ಯಾರು ಬೀಳ್ಸಿದ್ದು, ನಾನಾ?"

ಭಾವ ಬಾಲದ ಮುಳ್ಳನ್ನು ತಟ್ಟೆಯಂಚಿಗೆ ಸರಿಸಿದರು. ಆಮೇಲೆ ಮೆಲ್ಲಗೆ, "ನಂಗೆ ಮಂತ್ರ ಹೇಳಕ್ಕೆ ಬರಲ್ಲ, ಹಾಡಕ್ಕೆ ಬರಲ್ಲ, ನಾಲ್ಕು ಜನರ ಮುಂದೆ ಮಾತಾಡಕ್ಕೂ ಬರಲ್ಲ. ಮಗನಿಗೆ ಅಂತ ನನ್ ಕೈಲಿ ಆಗೋದು ಇದೊಂದೇ," ಅಂದರು.

ನನಗೆ ಕೆಟ್ಟದೆನಿಸಿತು. ಅಕ್ಕನಿಗೂ ಅನಿಸಿರಬೇಕು, ಆದರೆ ಅವಳು ತೋರಿಸಿಕೊಳ್ಳುವ ಪೈಕಿಯಲ್ಲ. ಭಾವನ ತಾಯಿ ಸೊಮ್ಲಿ ಅಜ್ಜಿ ಮಾತ್ರ ಮೀನಿನ ಮುಳ್ಳು ಬಿಡಿಸುತ್ತಾ, "ಚೆಲ್ಲಲಿ ಬಿಡೆ. ನಂಗೂ ಮೇಲಿಂದ ಕಾಸು ಬೀಳೋದನ್ನ ನೋಡ್ಬೇಕು," ಅಂದರು.

ಅಕ್ಕನ ಹಿರಿ ಮಗಳು ಮುಕ್ ಕೈ ತೊಳೆದು ಬಂದು ನಡುವೆ ನಿಂತಳು. ಮೀನಿನ ಶೀತಲ ಗೋದಾಮಿನಲ್ಲಿ ತೂಕ, ತಾಪ ಬರೆದುಕೊಳ್ಳುವ ಕೆಲಸ ಅವಳದು. ಇಪ್ಪತ್ತೆಂಟು ವರ್ಷದ ಆ ಹುಡುಗಿ ಅಳೆಯದೆ ಏನನ್ನೂ ನಂಬುವುದಿಲ್ಲ. ಮಾಡಿಟ್ಟ ಸಾರನ್ನೂ ಥರ್ಮಾಮೀಟರ್ ಅದ್ದಿ ನೋಡಿದವಳು.

"ಅಮ್ಮ, ನಾನು ಹೊತ್ತು ಗೊತ್ತುಮಾಡಿ ಟೈಮರ್ ಇಟ್ಕೊಡ್ತೀನಿ. ಅದು ಕೂಗಿದ ತಕ್ಷಣ ಅಪ್ಪ ಇಳಿಸ್ಬೇಕು. ದೀಕ್ಷೆಗೆ ಇನ್ನೂ ನಾಲ್ಕು ವಾರ ಇದೆ. ಅಷ್ಟರೊಳಗೆ ಒಂದೇ ಒಂದು ಸಲ ಬಿದ್ರೂ ನಾನೇ ಬೇಡ ಅಂತೀನಿ."

"ನಿಮ್ಮಪ್ಪ ಇಳಿಸ್ತಾನಾ?" ಅಕ್ಕ ಕೇಳಿದಳು.

"ಇಳಿಸ್ತೀನಿ," ಅಂದರು ಭಾವ. ಮನೆಯಲ್ಲಿ ಯಾರೂ ನಂಬಲಿಲ್ಲ.

ನೀರು ಕುಡಿದ ಬ್ಯಾಟರಿಯನ್ನು ಮುಕ್ ಬಿಸಾಡಿಸಿ, ಹೊಸದು ನಾಲ್ಕು ತರಿಸಿದಳು. ಭಾವ ಒಂದು ವಾರ ಕೂತು ಮೋಟರು ಒಣಗಿಸಿ, ಹೊಸ ರೆಕ್ಕೆ ಹಾಕಿ ಸರಿಮಾಡಿದರು. ಭಾನುವಾರ ಬೆಳಿಗ್ಗೆ ಬದುವಿನ ಮೇಲೆ ಮೊದಲ ಪರೀಕ್ಷೆ. ಗಂಜಿ ಪಾತ್ರೆ ಹಿಡಿದು ನಾನೂ ಹೋದೆ. ಅಜ್ಜಿ ಗಾಲಿಕುರ್ಚಿ ತಳ್ಳಿಸಿಕೊಂಡು ಬಂದು ಕೂತರು.

"ಮೂರೇ ನಿಮಿಷ ಅಪ್ಪ," ಅಂದಳು ಮುಕ್. "ನೆಟ್ಟಗೆ ಹಾರಿಸು, ಸರ್ಕಸ್ ಬೇಡ. ಮೂರಾದ ತಕ್ಷಣ ಇಳಿಸು."

"ಮೂರು ನಿಮಿಷಕ್ಕೆ ಬೀಡಿ ಹಚ್ಚೋಕೂ ಆಗಲ್ಲ."

"ಬೀಡಿನೂ ಬಿಡು, ಒಳ್ಳೇದು."

ಮೂರು ನಿಮಿಷಕ್ಕೆ ಇಳಿಸುವಂತೆ ಮಾಡಿ, ಮುಕ್ ಬ್ಯಾಟರಿ ಬಿಚ್ಚಿ, ತಣ್ಣಗಾದ ಮೇಲೆ ಮನೆಗೆ ತಂದು ಚಾರ್ಜರಿಗೆ ಹಾಕಿದಳು. ತುಂಬುವವರೆಗೆ ಪಕ್ಕದಲ್ಲೇ ಕೂತು ಅಕ್ಕನಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಿಕೊಟ್ಟಳು. ಚಾರ್ಜರು ಕುಂಯ್ ಅಂದಾಗ ಎದ್ದು ನೋಡಿ ಪುಸ್ತಕದಲ್ಲಿ ಬರೆದುಕೊಂಡಳು.

"ಎರಡು ಸಾವಿರದ ನೂರು ಎಂಎಎಚ್ ಕರೆಂಟು ಬ್ಯಾಟರಿಗೆ ವಾಪಸ್ ಹೋಗಿದೆ. ಅಂದ್ರೆ ಮೂರು ನಿಮಿಷಕ್ಕೆ ಅಷ್ಟು ಖರ್ಚಾಗಿತ್ತು. ನಿಮಿಷಕ್ಕೆ ಏಳುನೂರು. ಬ್ಯಾಟರಿಲಿ ಇರೋದು ಐದು ಸಾವಿರ. ಅದರಲ್ಲಿ ನಾಲ್ಕು ಸಾವಿರ ಮಾತ್ರ ನಮ್ದು."

"ಉಳಿದ ಸಾವಿರ ಯಾರ್ದು, ಸರ್ಕಾರದ್ದಾ?" ಅಂದರು ಭಾವ.

"ಅದನ್ನ ಮುಟ್ಟಿದ್ರೆ ಬ್ಯಾಟರಿ ಹಾಳಾಗುತ್ತೆ, ಇಲ್ಲಾ ಮೇಲೇನೇ ಕೈ ಕೊಡುತ್ತೆ. ನಾಲ್ಕು ಸಾವಿರಕ್ಕೆ ಐದೂವರೆ ನಿಮಿಷ ಚಿಲ್ಲರೆ ಬರುತ್ತೆ. ನಾವು ಐದು ಅಂತ ಇಟ್ಕೊಳ್ಳೋಣ."

"ನಾನು ಏಳು ನಿಮಿಷ ಹಾರಿಸಿದೀನಿ ಕಣೆ!"

"ಹೌದು. ಏಳನೇ ನಿಮಿಷಕ್ಕೆ ಗದ್ದೆಗೆ ಬಿತ್ತು."

ಒಳಗಿನಿಂದ ಅಕ್ಕ ನಕ್ಕಿದ್ದು ಕೇಳಿಸಿತು. ಭಾವ ಎದ್ದು ಹೋಗಿ, ಕೆಲಸವಿಲ್ಲದಿದ್ದರೂ ಉಪ್ಪಿನ ಕಣಜದ ಬಾಗಿಲಿಗೆ ಎಣ್ಣೆ ಬಿಟ್ಟರು.

ಮುಂದಿನ ವಾರವೆಲ್ಲ ಸಂಜೆ ಐದಕ್ಕೆ ಹಾರಾಟ, ಐದು ನಿಮಿಷಕ್ಕೆ ಇಳಿತ. ನಾವೆಲ್ಲ ಬೆರಗಾದೆವು. ಗುರುವಾರ ಮುಕ್ ಕೆಲಸದಿಂದ ಬಂದು ಚಾರ್ಜರ್ ನೋಡಿದಳು. ಚೀಲ ಕೂಡ ಇಳಿಸದೆ ನೇರ ಅಡುಗೆಮನೆಗೆ ಬಂದಳು.

"ಅಪ್ಪ, ಇವತ್ತು ಎಷ್ಟು ಹೊತ್ತು ಹಾರಿಸ್ದೆ?"

"ಐದು."

"ನಾಲ್ಕು ಸಾವಿರದ ಆರುನೂರು ವಾಪಸ್ ಹೋಗಿದೆ. ಐದು ನಿಮಿಷಕ್ಕೆ ಮೂರೂವರೆ ಸಾವಿರ ಆಗ್ಬೇಕು."

"ಚಾರ್ಜರ್ ಕೆಟ್ಟಿರ್ಬೇಕು."

"ಟೈಮರ್ ಸದ್ದು ಯಾರು ಆಫ್ ಮಾಡಿದ್ದು?"

ಭಾವ ಸೂರಿನ ಕಡೆ ನೋಡಿದರು. ಅಲ್ಲೇ ಇದ್ದ ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಮುಕ್‌ಗೆ ನಗು ಬರಲಿಲ್ಲ, ಕಣ್ಣಲ್ಲಿ ನೀರು ಬಂತು. "ನಾನು ಅಮ್ಮನ ಹತ್ರ ನಿನ್ನ ಪರವಾಗಿ ಮಾತಾಡಿದೀನಿ. ನೀನು ನನಗೇ ಸುಳ್ಳು ಹೇಳ್ತೀಯ."

"ಹೆತ್ತ ಮಗಳು ನಂಗೆ ಪೊಲೀಸ್ ಆದ್ಲಲ್ಲಪ್ಪ!" ಎಂದು ಭಾವ ಕೂಗಿದರು. ಆ ಕೂಗಿನಲ್ಲಿ ದಮ್ಮಿರಲಿಲ್ಲ, ತಪ್ಪು ಸಿಕ್ಕಿಬಿದ್ದಿತ್ತಲ್ಲ.

ಎರಡು ದಿನ ಅಪ್ಪ ಮಗಳು ಮಾತು ಬಿಟ್ಟರು. ಒಂದೇ ಚಾಪೆಯ ಮೇಲೆ ಎದುರುಬದುರು ಕೂತು ಊಟ ಮಾಡುತ್ತ, "ಅಜ್ಜಿ, ಉಪ್ಪು ಕೊಡು ಅಂತ ಹೇಳು ಅವರಿಗೆ," "ಅಮ್ಮ, ಉಪ್ಪು ಅಲ್ಲೇ ಇದೆ ಅಂತ ಹೇಳು ಅವಳಿಗೆ," ಎನ್ನುತ್ತಿದ್ದರು. ಅಜ್ಜಿಗೆ ಬಲು ಖುಷಿ. ಇಬ್ಬರ ಮಾತಿಗೂ ತಮ್ಮದೊಂದು ಸೇರಿಸಿ ದಾಟಿಸುತ್ತಿದ್ದರು. "ಉಪ್ಪಿನ ಮನೆಲಿ ಹುಟ್ಟಿ ಉಪ್ಪು ಕಾಣ್ಸಲ್ವಾ ಅಂತ ಕೇಳ್ತಿದಾನೆ ನೋಡು," ಅನ್ನುವರು, ಭಾವ ಹಾಗೆ ಅಂದೇ ಇರುತ್ತಿರಲಿಲ್ಲ.

ರಾಜಿ ಮಾಡಿಸಿದ್ದು ತವಿ. ದೀಕ್ಷೆಯ ಪಾಲಿ ಮಾತುಗಳನ್ನು ಬಾಯಿಪಾಠ ಮಾಡುತ್ತ, ಪುಸ್ತಕ ಹಿಡಿದು ಮನೆಯೆಲ್ಲ ಓಡಾಡುತ್ತಿದ್ದ ಅವನು ಶನಿವಾರ ಅಪ್ಪನ ಪಕ್ಕ ಕೂತ.

"ಅಪ್ಪ, ಮುಂಚೆ ಮೀನು ಹಿಡಿಯಕ್ಕೆ ಸಮುದ್ರಕ್ಕೆ ದೋಣಿ ತಗೊಂಡು ಹೋದಾಗ ಡೀಸೆಲ್ ಪೂರ್ತಿ ಮುಗಿಯೋವರೆಗೂ ಹೋಗ್ತಿದ್ಯಾ?"

"ಹುಚ್ಚನಾ ನಾನು? ವಾಪಸ್ ಬರೋದು ಬೇಡ್ವಾ? ತಳದಲ್ಲಿ ಕಸ ಬೇರೆ ಇರುತ್ತೆ."

"ಮತ್ತೆ ಮುಕ್ ಅಕ್ಕ ಹೇಳ್ತಿರೋದೂ ಅದೇ ಅಲ್ವಾ?"

ಭಾವ ತಾವಾಗಿಯೇ ಎದ್ದು ಮಗಳ ಹತ್ತಿರ ಹೋಗಿ ಆ ಪುಸ್ತಕ ಕೇಳಿದರು. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದರು.

"ದೋಣಿಗೆ ಗಾಳಿ ಎದುರಾದ್ರೆ ಡೀಸೆಲ್ ಜಾಸ್ತಿ ಕುಡಿಯುತ್ತೆ," ಅಂದರು.

"ಇದಕ್ಕೂ ಹಾಗೇ."

"ಮೀನು ತುಂಬ್ಕೊಂಡು ಬರುವಾಗ ಇನ್ನೂ ಜಾಸ್ತಿ."

ಮುಕ್ ತಲೆಯೆತ್ತಿ ಅಪ್ಪನನ್ನೇ ನೋಡಿದಳು. "ಹೌದಲ್ಲ. ನಾಣ್ಯದ ಭಾರ ಇರುತ್ತೆ. ನಾವು ಅಳ್ದಿರೋದೆಲ್ಲ ಬರೀ ಹೆಲಿಕಾಪ್ಟರು."

ಅವತ್ತೇ ಹೆಲಿಕಾಪ್ಟರಿನ ಹೊಟ್ಟೆಗೆ ಕೊಕ್ಕೆ ಹಾಕಿ ಬಂಗುಡೆಯ ಬಿದಿರು ಬುಟ್ಟಿ ಸಿಕ್ಕಿಸಿ, ತಳಕ್ಕೆ ಪುಟ್ಟ ಮೋಟರಿನಿಂದ ತೆರೆಯುವ ಬಾಗಿಲು ಮಾಡಿದರು. ನಾಣ್ಯದ ಬದಲು ಅರ್ಧ ಕಿಲೋ ಉಪ್ಪಿನ ಪೊಟ್ಟಣ ಇಟ್ಟು ಮೂರು ನಿಮಿಷ ಹಾರಿಸಿದರು. ಈ ಸಲ ಚಾರ್ಜರು ಎರಡು ಸಾವಿರದ ಏಳುನೂರು ಅಂದಿತು. ನಿಮಿಷಕ್ಕೆ ಒಂಬೈನೂರು. ಅಪ್ಪ ಮಗಳು ತಲೆಗೆ ತಲೆ ತಾಗಿಸಿ ಲೆಕ್ಕ ಹಾಕಿ, ನಾಲ್ಕು ನಿಮಿಷ ಎಂದು ಗೊತ್ತುಮಾಡಿದರು. ಇಪ್ಪತ್ತು ಚಿಲ್ಲರೆ ಸೆಕೆಂಡು ಮಿಕ್ಕಿತ್ತು. ಭಾವ ಅದನ್ನು ಕೇಳಲಿಲ್ಲ. ಆದರೂ ಕಣ್ಣು ಆ ಸೆಕೆಂಡುಗಳ ಮೇಲೇ ಇತ್ತು, ನಾನು ನೋಡಿದೆ.

ಅಕ್ಕ ಮಾತ್ರ ಬಗ್ಗಲಿಲ್ಲ. ಮೀನು ಬೇಯಿಸುವ ಒಲೆಯ ಮುಂದೆ ತವಿ ಎಷ್ಟು ಬೇಡಿಕೊಂಡರೂ ಒಂದೇ ಮಾತು. "ಗುರುಗಳು ಒಪ್ಪಿದಾರೆ, ನೀನು ಒಪ್ಪಿದೀಯ, ಹಾರಿಸ್ಲಿ. ನಾನು ನೋಡಲ್ಲ. ಬೆನ್ನು ತಿರುಗಿಸಿ ಕೂತ್ಕೋತೀನಿ."

ದೀಕ್ಷೆಯ ಹಿಂದಿನ ದಿನ ಮನೆ ತುಂಬ ಜನ. ಅಂಗಳದಲ್ಲಿ ಶ್ಯಾವಿಗೆಗೆ ಮೀನಿನ ಗಸಿ ಕುದಿಯುತ್ತಿತ್ತು, ತೆಂಗಿನ ಬೆಲ್ಲದ ಪಾಕದ ವಾಸನೆ ಬೀದಿಯವರೆಗೂ ಹೋಗಿತ್ತು. ಹೆಂಗಸರೆಲ್ಲ ಕೂತು ನಾಣ್ಯಕ್ಕೆ ಬಣ್ಣದ ಪಟ್ಟಿ ಸುತ್ತಿ ಹೂವು, ಮೀನು, ಸಿಗಡಿಯ ಆಕಾರ ಕಟ್ಟಿದೆವು. ಮುಕ್ ಅಕ್ಕನ ಮೀನಿನ ತಕ್ಕಡಿಯಲ್ಲಿ ತೂಗಿ, ಪಟ್ಟಿಯ ಸಮೇತ ಸರಿಯಾಗಿ ಅರ್ಧ ಕಿಲೋ ಬುಟ್ಟಿಗೆ ಹಾಕಿ, ಮೇಲೆ ಚಿನ್ನದ ಬಣ್ಣದ ಕಾಗದ ಮುಚ್ಚಿ, ಬುದ್ಧನ ಮುಂದೆ ಕಾವಿ ಬಟ್ಟೆಯ ಪಕ್ಕ ಇಟ್ಟಳು.

"ಇದನ್ನ ಯಾರೂ ಮುಟ್ಬೇಡಿ. ಅಜ್ಜಿ, ಕೇಳಿಸ್ತಾ?"

"ನಾನ್ಯಾಕೆ ಮುಟ್ಲಿ?" ಅಂದರು ಅಜ್ಜಿ.

ಎಲ್ಲರೂ ತಲೆ ಆಡಿಸಿದೆವು, ನಾನೂ ಆಡಿಸಿದೆ.

ಇನ್ನು ನನ್ನ ತಪ್ಪು ನಾನೇ ಹೇಳಿಬಿಡುತ್ತೇನೆ. ಸಂಜೆ ದೀಪ ಹಚ್ಚಲು ಹೋದಾಗ ತೀರಿಕೊಂಡ ನನ್ನ ಗಂಡನ ನೆನಪಾಯಿತು. ಅವನಿಗೆ ತವಿ ಎಂದರೆ ಪ್ರಾಣ. ಅವನ ಹೆಸರಲ್ಲಿ ಒಂದಿಷ್ಟು ಪುಣ್ಯ ಸೇರದಿದ್ದರೆ ಹೇಗೆ? ಹತ್ತರ ಎಂಟು ನಾಣ್ಯಕ್ಕೆ ನೇರಳೆ ಪಟ್ಟಿ ಸುತ್ತಿ ಕಾಗದದಡಿ ತೂರಿಸಿಬಿಟ್ಟೆ. ಎಂಟು ನಾಣ್ಯ ಎಷ್ಟು ತೂಗೀತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಬೋಳುತಲೆಯ ತವಿ ಬಿಳಿ ಬಟ್ಟೆ ಉಟ್ಟು, ಗೆಳೆಯರ ಹೆಗಲೇರಿ ಕೂತ. ಡೋಲು ಬಡಿಯಿತು. ನಾನು ಕುಣಿದೆ, ಅಜ್ಜಿ ಗಾಲಿಕುರ್ಚಿಯಲ್ಲೇ ಕೈ ತಿರುಗಿಸಿ ಕುಣಿದರು. ಅಕ್ಕ ಕಾವಿ ಬಟ್ಟೆ ಹೊತ್ತು ಮುಂದೆ ನಡೆದಳು, ಮುಖದಲ್ಲಿ ನಗು, ಕಣ್ಣಲ್ಲಿ ನೀರು. ನಾಣ್ಯದ ಬುಟ್ಟಿ ನನ್ನ ಕೈಗೆ ಬಂದಿತ್ತು. ದೀಕ್ಷಾಮಂದಿರಕ್ಕೆ ಮೂರು ಸುತ್ತು ಬರುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು. ನನ್ನ ಎಂಟು ನಾಣ್ಯ ಇಷ್ಟು ಭಾರವೇ ಎಂದು ಹೆದರಿ ಬಾಯಿ ಬಿಡಲಿಲ್ಲ.

ಮಂದಿರದ ಹಿಂದಿನ ಹುಲ್ಲುಬಯಲಿನಲ್ಲಿ ಹಗ್ಗ ಕಟ್ಟಿದ್ದರು. ಹೆಲಿಕಾಪ್ಟರು ಹಗ್ಗದೊಳಗೆ, ಜನ ಹೊರಗೆ. ಅದು ನಾಣ್ಯ ಚೆಲ್ಲಿ ಇಳಿದು, ರೆಕ್ಕೆ ನಿಂತ ಮೇಲೆ ಹಗ್ಗ ಬಿಚ್ಚುವುದು ಎಂದು ಮಾತಾಗಿತ್ತು. ಜನರನ್ನು ಹಿಂದೆ ಸರಿಸುವುದರಲ್ಲಿ ಮುಕ್‌ಗೆ ಸಾಕುಸಾಕಾಗಿತ್ತು. ಅವಳು ತೋರಿಸಿಕೊಟ್ಟಿದ್ದ ಹಾಗೆ ಬುಟ್ಟಿಯನ್ನು ಕೊಕ್ಕೆಗೆ ಸಿಕ್ಕಿಸಿದವಳು ನಾನೇ. ಅಕ್ಕ ಹೇಳಿದಂತೆ ಬೆನ್ನು ತಿರುಗಿಸಿ ಕಟ್ಟೆಯ ಮೇಲೆ ಕೂತಳು.

ಹೆಲಿಕಾಪ್ಟರು ಎದ್ದಿತು. ಆದರೆ ಎಂದಿನಂತೆ ಚಿಮ್ಮಲಿಲ್ಲ, ನಿಧಾನಕ್ಕೆ, ಇಷ್ಟವಿಲ್ಲದ ಹಾಗೆ ಎದ್ದಿತು. ಎರಡಾಳೆತ್ತರದಲ್ಲಿ ಬಯಲಿನ ನಡುವೆ ಬಂದು ನಿಂತಿತು. ಜನ ಹೋ ಎಂದರು. ಭಾವ ಗುಂಡಿ ಒತ್ತಿದರು.

ಒಂದು ನಾಣ್ಯ ಬಿತ್ತು. ಇನ್ನೊಂದು ಬಿತ್ತು. ಅಷ್ಟೇ.

"ಬಾಗ್ಲು ಸಿಕ್ಕಾಕ್ಕೊಂಡಿದೆ," ಅಂದರು ಭಾವ.

"ಮತ್ತೆ ಒತ್ತು ಅಪ್ಪ. ಎರಡು ನಿಮಿಷ ಆಯ್ತು."

ಒತ್ತಿದರು, ಅಲ್ಲಾಡಿಸಿದರು, ಒಂದು ಸುತ್ತು ಬಂದರು. ಎರಡೂವರೆ ನಿಮಿಷ. ಸಮುದ್ರದ ಕಡೆಯಿಂದ ಗಾಳಿ ಎದ್ದಿತು. "ಕಂಜೂಸ್ ಮಾಡ್ಬೇಡಿ ಸಮ್ರಾನಣ್ಣ, ಚೆಲ್ಲಿ!" ಎಂದು ಯಾರೋ ಕೂಗಿದರು, ಎಲ್ಲರೂ ನಕ್ಕರು. ತವಿ ಹೆಗಲ ಮೇಲಿಂದಲೇ ಉಸಿರು ಹಿಡಿದು ನೋಡುತ್ತಿದ್ದ. ಮೂರು ನಿಮಿಷ. ಭಾವನ ಮುಖದ ಮೇಲೆ ಬೆವರು ಇಳಿಯುತ್ತಿತ್ತು.

ಅಷ್ಟು ಜನರ ಮುಂದೆ, ಮಗನ ದಿನ, ಚೆಲ್ಲಬೇಕಾದ ನಾಣ್ಯ ಚೆಲ್ಲದೆ ಈ ಮನುಷ್ಯ ಇಳಿಸುವುದುಂಟೇ ಎಂದುಕೊಂಡೆ.

"ಮುಕ್, ಇಳಿಸ್ತೀನಿ," ಅಂದರು ಭಾವ.

"ಯಾಕಪ್ಪ? ಇನ್ನೂ ಐವತ್ತು ಸೆಕೆಂಡ್ ಇದೆ. ಮತ್ತೊಂದು ಸಲ ಒತ್ತು!"

"ಇಲ್ಲ. ಇಳಿಸ್ತಿದೀನಿ."

"ಅಪ್ಪ, ಟೈಮರ್ ಇನ್ನೂ ಕೂಗಿಲ್ಲ!"

"ಕೂಗದೇ ಇರ್ಲಿ ಬಿಡು."

ಹುಲ್ಲಿನ ಮೇಲೆ ಅದು ದಪ್ಪನೆ ಕೂತಿತು. ಜನ ಉಸ್ಸೆಂದರು, ಒಬ್ಬಿಬ್ಬರು ಸಿಳ್ಳೆ ಹಾಕಿ ಹಂಗಿಸಿದರು. ಭಾವ ಯಾರನ್ನೂ ನೋಡಲಿಲ್ಲ. ರೆಕ್ಕೆ ನಿಂತ ಮೇಲೆ ಮುಕ್ ಓಡಿಹೋಗಿ ಬ್ಯಾಟರಿಗೆ ಮೀಟರು ಚುಚ್ಚಿದಳು. ನೋಡಿದಳು. ಬಿಚ್ಚಿ ಮತ್ತೆ ಚುಚ್ಚಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು.

"ಹದಿಮೂರು," ಅಂದಳು. "ನೂರಕ್ಕೆ ಹದಿಮೂರು ಉಳಿದಿದೆ. ಇನ್ನು ಅರ್ಧ ನಿಮಿಷ ಬಿಟ್ಟಿದ್ರೆ..."

ಟೈಮರಿನಲ್ಲಿ ಇನ್ನೂ ನಲವತ್ತು ಸೆಕೆಂಡು ಬಾಕಿ ಇತ್ತು.

"ನಿಂಗೆ ಹೇಗಪ್ಪ ಗೊತ್ತಾಯ್ತು?"

"ಯಾವತ್ತೂ ರಿಮೋಟಿನ ಈ ಕಡ್ಡಿ ನಡುವೆ ಇಟ್ರೆ ನಿಲ್ತಿತ್ತು. ಇವತ್ತು ಮುಕ್ಕಾಲಿಗೆ ತಳ್ಳಿದ್ರೂ ಕುಸೀತಿತ್ತು," ಅಂದರು ಭಾವ. "ನಿನ್ನ ನಾಲ್ಕು ನಿಮಿಷ ಅರ್ಧ ಕಿಲೋದ್ದು ಕಣಮ್ಮ. ಇದು ಅರ್ಧ ಕಿಲೋ ಅಲ್ಲ. ಭಾರ ಬೇರೆ ಆದ್ಮೇಲೆ ಆ ಲೆಕ್ಕ ಇಟ್ಕೊಂಡು ಏನ್ ಮಾಡ್ಲಿ?"

ವಿಹಾರದ ಅಡುಗೆಮನೆಯಿಂದ ತಕ್ಕಡಿ ಬಂತು. ಒಂದು ಕಿಲೋ ನಾನೂರು ಗ್ರಾಂ.

ಮುಕ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಯಾರು?"

ನಾನು ನೆಲ ನೋಡಿದೆ. "ನಂದು ಎಂಟೇ," ಅಂದೆ. "ನಿಮ್ಮ ಚಿಕ್ಕಪ್ಪನ ಹೆಸರಲ್ಲಿ."

"ನಂದೊಂದು ಹಿಡಿ," ಅಂದರು ಅಜ್ಜಿ. "ಐದರ ನಾಣ್ಯ. ಒಂದರದ್ದು ಹಾಕಿದ್ರೆ ಚೆನ್ನಾಗಿರ್ತಿತ್ತಾ? ಇವನು ನನ್ ಒಬ್ಬನೇ ಮೊಮ್ಮಗ."

ನೆರೆಮನೆಯ ಇಬ್ಬರು ಕೈ ಎತ್ತಿದರು. ಹೆಗಲ ಮೇಲಿಂದ ದೀಕ್ಷೆಗೆ ಹೊರಟ ತವಿಯೇ, "ನಾನೂ ಒಂದ್ ಹತ್ತು ಹಾಕ್ದೆ ಅಕ್ಕ," ಅಂದ. "ಅಪ್ಪ ಅಮ್ಮನ ಹೆಸರಲ್ಲಿ."

"ಒಬ್ರಿಗೂ ಬುದ್ಧಿ ಬೇಡ್ವಾ!" ಎಂದು ಮುಕ್ ಕಿರುಚಿದಳು. ಆಮೇಲೆ ದನಿ ಇಳಿಸಿ, "ನಾನು ಹಾಕಿದ್ದು ಒಂದೇ. ಮೂರು ಗ್ರಾಂ ಅದು, ಲೆಕ್ಕಕ್ಕೆ ಬರಲ್ಲ," ಅಂದಳು. ದೊಡ್ಡ ಗುರುಗಳು ಬೀಸಣಿಗೆ ಮುಖಕ್ಕೆ ಅಡ್ಡ ಹಿಡಿದುಕೊಂಡರು. ಬೀಸಣಿಗೆ ಅಲುಗಾಡುತ್ತಿತ್ತು.

ಬುಟ್ಟಿಯನ್ನು ಚಾಪೆಯ ಮೇಲೆ ಸುರಿದಾಗ ತಳದ ಬಾಗಿಲಿಗೆ ಅಡ್ಡ ಸಿಕ್ಕಿದ್ದು ಹೊರಬಂತು. ಕೆಂಪು ಬಟ್ಟೆಯ ಒಂದು ಗಂಟು, ನನ್ನ ಮುಷ್ಟಿಗಿಂತ ದೊಡ್ಡದು, ತುಂಬ ಹತ್ತರ ನಾಣ್ಯ. ಅದರೊಂದಕ್ಕೇ ಅರ್ಧ ಕಿಲೋ ತೂಕ. ಗಂಟು ಕಟ್ಟಿದ್ದ ದಾರ ಮೀನಿನ ಬುಟ್ಟಿ ಬಿಗಿಯುವ ದಾರ.

ಎಲ್ಲರೂ ಕಟ್ಟೆಯ ಕಡೆ ತಿರುಗಿದೆವು. ಅಕ್ಕ ಇನ್ನೂ ಬೆನ್ನು ತಿರುಗಿಸಿಯೇ ಕೂತಿದ್ದಳು.

ಭಾವ ಗಂಟು ಹಿಡಿದು ಅವಳ ಮುಂದೆ ಹೋಗಿ ನಿಂತರು. "ಲಮ್ಯಾಯ್, ನೀನು ಇದು ಬಿದ್ದೇ ಬೀಳುತ್ತೆ ಅಂದಿದ್ದೆ."

"ಅಂದಿದ್ದೆ."

"ಮತ್ತೆ ಇದನ್ಯಾಕೆ ಹಾಕ್ದೆ?"

"ಅವನು ಹುಟ್ಟಿದಾಗಿಂದ ಇವತ್ತಿಗೆ ಅಂತ ಎತ್ತಿಟ್ಟಿದ್ದು ಅದು," ಅಂದಳು ಅಕ್ಕ. ಗಂಡನ ಮುಖ ನೋಡಲಿಲ್ಲ. "ನೀನು ಹಾರಿಸ್ತಿರುವಾಗ ನಾನು ಪಕ್ಕದಲ್ಲಿ ನಿಂತು ಬೇರೆ ಎಸೀಲಾ? ಬಿದ್ರೆ ನಿಂದೂ ನಂದೂ ಒಟ್ಟಿಗೇ ಬೀಳ್ಲಿ ಅಂತ ಹಾಕ್ದೆ."

ಅಳು ಬಂದಿತ್ತು ಆ ಮನುಷ್ಯನಿಗೆ, ಬೆವರು ಒರೆಸಿಕೊಂಡ ಹಾಗೆ ಮಾಡಿದರು. ನಾನಂತೂ ಬಹಿರಂಗವಾಗಿಯೇ ಅತ್ತೆ.

ಕೆಂಪು ಗಂಟು ಬಿಚ್ಚಿದೆವು. ಹೆಂಗಸರು ಸುತ್ತ ಕೂತು ಆ ನಾಣ್ಯಗಳಿಗೂ ಪಟ್ಟಿ ಸುತ್ತಿದೆವು. ಎಲ್ಲವನ್ನೂ ಮೂರು ಪಾಲು ಮಾಡಿ, ಅರ್ಧ ಕಿಲೋಗೆ ಒಂದು ಗುಂಜಿಯೂ ಮೀರದ ಹಾಗೆ ಮುಕ್ ತೂಗಿದಳು. ತುಂಬಿದ ಬ್ಯಾಟರಿ ಇನ್ನೂ ಮೂರಿದ್ದವು. ಡೋಲಿನವರಿಗೆ ಬಿಡುವು ಸಿಕ್ಕಿ ಅವರು ಒಂದೊಂದು ತಟ್ಟೆ ಶ್ಯಾವಿಗೆ ಮುಗಿಸಿದರು.

"ಗಾಳಿ ಎದ್ದಿದೆ. ಎಷ್ಟು ಹೊತ್ತು ಹಾರಿಸ್ಲಿ?" ಭಾವ ಮಗಳನ್ನು ಕೇಳಿದರು.

"ಮೂರು ನಿಮಿಷ ಆಗುತ್ತೆ ಅಪ್ಪ."

"ಎರಡು ಸಾಕು."

ಈ ಸಲ ಹೆಲಿಕಾಪ್ಟರು ಚಿಮ್ಮಿ ಎದ್ದಿತು. ಬಯಲಿನ ನಡುವೆ ಬಂದು ನಿಂತು ಬಾಗಿಲು ತೆರೆಯಿತು. ಕೆಂಪು, ಹಸಿರು, ನೇರಳೆ, ಚಿನ್ನದ ಬಣ್ಣದ ಪಟ್ಟಿಗಳು ರೆಕ್ಕೆಯ ಗಾಳಿಗೆ ಗಿರಗಿರನೆ ತಿರುಗುತ್ತ ಹುಲ್ಲಿನ ತುಂಬ ಹರಡಿಕೊಂಡವು. ಅಜ್ಜಿ ಕುರ್ಚಿಯಲ್ಲಿ ಚಪ್ಪಾಳೆ ತಟ್ಟಿ ತಟ್ಟಿ ಕೆಮ್ಮಿದರು. ಅಕ್ಕ ಯಾವಾಗ ಈ ಕಡೆ ತಿರುಗಿದಳೋ ನಾನು ನೋಡಲಿಲ್ಲ, ನೋಡಿದಾಗ ಅವಳು ಹಗ್ಗದ ಪಕ್ಕದಲ್ಲೇ ಇದ್ದಳು. ಟೈಮರು ಕೂಗುವ ಮುಂಚೆಯೇ ಹೆಲಿಕಾಪ್ಟರು ಇಳಿಯಿತು. ಎರಡನೆಯ ಪಾಲು, ಮೂರನೆಯ ಪಾಲು, ಎರಡಕ್ಕೂ ಹಾಗೆಯೇ. ರೆಕ್ಕೆ ನಿಂತು ಹಗ್ಗ ಬಿಚ್ಚಿದ್ದೇ ತಡ, ಊರೆಲ್ಲ ಹುಲ್ಲಿನ ಮೇಲೆ ಬಿತ್ತು. ನನ್ನ ಮೊಣಕೈ ತಾಗಿ ಪಕ್ಕದ ಬೀದಿಯ ದರ್ಜಿಯ ಕನ್ನಡಕ ಹಾರಿಹೋಯಿತು. ನನಗೆ ಏಳು ನಾಣ್ಯ ಸಿಕ್ಕಿದವು.

ತವಿಯನ್ನು ಒಳಗೆ ಕರೆದೊಯ್ಯಲು ಎಲ್ಲರೂ ಏಳುತ್ತಿದ್ದಾಗ ಪಕ್ಕದ ಹಳ್ಳಿಯ ಯಜಮಾನರು ಬಂದು ಭಾವನಿಗೆ ಕೈಮುಗಿದರು. ಈ ತಿಂಗಳ ಕೊನೆಗೆ ಅವರ ಮಗನದೂ ದೀಕ್ಷೆ ಇತ್ತಂತೆ.

"ನಮ್ಮಲ್ಲೂ ಬಂದು ಹೀಗೇ ಚೆಲ್ಲಿ ಸಮ್ರಾನಣ್ಣ. ಒಂದು ಹತ್ತು ನಿಮಿಷ ಹಾರಿಸಿದ್ರೆ ಸಾಕು."

ಭಾವ ಬಾಯಿ ತೆರೆಯುವ ಮುಂಚೆ ಅಕ್ಕ ಕಾವಿ ಬಟ್ಟೆ ಎತ್ತಿಕೊಂಡು ನಡುವೆ ಬಂದು ನಿಂತಳು.

"ಬರ್ತೀವಿ," ಅಂದಳು. "ಆದ್ರೆ ಬುಟ್ಟಿ ನಾನೇ ತೂಗೋದು. ಎರಡು ನಿಮಿಷಕ್ಕೆ ಒಂದು ಸೆಕೆಂಡೂ ಜಾಸ್ತಿ ಇಲ್ಲ."